ಕೊಳೆರೋಗಕ್ಕೆ ಉಪದೇಶ ಮದ್ದಲ್ಲ

ಈಚೆಗೆ ದೆಹಲಿಯ ಕನ್ನಡಿಗರ ಕೂಟವೊಂದರಲ್ಲಿ, ಊರಿನ ರೈತರು ರಾಸಾಯನಿಕ ಶಿಲೀಂಧ್ರನಾಶಕಗಳನ್ನು ತೊರೆದು ನಿಸರ್ಗದ ಮದ್ದಿಗೆ ಮರಳಬೇಕೆಂಬ ಮಾತಿಗೆ ದೀರ್ಘ ಕರತಾಡನವಾಯಿತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಅದೇ ಉತ್ಸಾಹದಲ್ಲಿ ಮರುದಿನ ಶಿರಸಿ ಸೀಮೆಯಲ್ಲಿ ತೋಟ ನೋಡಿಕೊಂಡಿರುವ ತಮ್ಮನಿಗೆ ದೂರವಾಣಿ ಮಾಡಿ, ಅಡಿಕೆಗೆ ಮೈಲುತುತ್ತ ಹೊಡೆಯುವುದನ್ನು ನಿಲ್ಲಿಸೆಂದು ಬೋಧಿಸಿದೆ. ಆತ ಎಲ್ಲವನ್ನೂ ಕೇಳಿಸಿಕೊಂಡು, "ಆಗಲಿ ಅಣ್ಣಯ್ಯ, ಕೊಟ್ಟೆ ಕಟ್ಟುವಾ. ಮರ ಹತ್ತಲಿಕ್ಕೆ ನೀನು ಬರ್ತೀಯೇನು?" ಎಂದ.

ನಾನು ನಿರುತ್ತರನಾದೆ. ಆ ಪ್ರಶ್ನೆಯನ್ನು ಈಗ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗದ ಹೆಸರು ಆಂಗ್ಲ ಸಸ್ಯರೋಗ ಗ್ರಂಥಗಳಲ್ಲಿಯೂ ಕನ್ನಡದಲ್ಲಿಯೇ ಉಳಿದಿದೆ. ಹೆಮ್ಮೆಪಡುವಂತಹ ಕೊಡುಗೆಯೇನೂ ಅಲ್ಲ. ಫೈಟಾಫ್ತೊರ ಎಂಬ ಶಿಲೀಂಧ್ರಸದೃಶ ಜೀವಿ ಮಳೆಯ ಸಿಡಿತದೊಡನೆ ಕೊನೆಯಿಂದ ಕೊನೆಗೆ ಹಬ್ಬಿ ಎಳೆಯ ಕಾಯಿಗಳನ್ನು ಕೊಳೆಸಿ ಉದುರಿಸುತ್ತದೆ. ನಮ್ಮ ಹಿರಿಯರು ಮಳೆಗಾಲಕ್ಕೆ ಮುನ್ನ ಪ್ರತಿ ಕೊನೆಗೂ ಕರಡದ ಹುಲ್ಲಿನ ಕೊಟ್ಟೆಯನ್ನು ಕಟ್ಟುತ್ತಿದ್ದರು. ಕಾಯಿಗೆ ನೀರು ತಾಗದಿದ್ದರೆ ರೋಗಕ್ಕೆ ದಾರಿಯಿಲ್ಲ. ಇದಕ್ಕಿಂತ ನೈಸರ್ಗಿಕವಾದ ಉಪಾಯ ಇನ್ನೇನಿದೆ? ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗೆಗೆ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ರೂಪುಗೊಂಡ ಬೋರ್ಡೋ ದ್ರಾವಣ ಅಡಿಕೆ ತೋಟಗಳಲ್ಲಿ ಬೇರೂರಿದ್ದು ಆ ಬಳಿಕ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮುಂಗಾರಿನ ಆರಂಭದಲ್ಲೊಮ್ಮೆ, 40-45 ದಿನಗಳ ಅನಂತರ ಮತ್ತೊಮ್ಮೆ. ಕೆಲಸ ಬೇಗ ಮುಗಿಯುತ್ತದೆ. ರೈತ ಅದನ್ನು ಆರಿಸಿಕೊಂಡದ್ದು ದುರಾಸೆಯಿಂದಲ್ಲ.

ಹಾಗೆಂದು ತಾಮ್ರ ನಿರಪಾಯಕಾರಿಯೆಂದು ನಾನು ಹೇಳುತ್ತಿಲ್ಲ. ಅದು ಮೂಲಧಾತು, ಕೊಳೆತು ಕರಗುವುದಿಲ್ಲ. ವರುಷ ವರುಷವೂ ಮಣ್ಣಿನಲ್ಲಿ ಶೇಖರವಾಗುತ್ತದೆ. ಐರೋಪ್ಯ ಒಕ್ಕೂಟವು 7 ವರ್ಷಗಳಿಗೆ ಹೆಕ್ಟೇರಿಗೆ 28 ಕಿಲೋ ಮೀರಬಾರದೆಂದು ಮಿತಿ ಹಾಕಿದೆ. ವಿಚಿತ್ರವೆಂದರೆ ಇದೇ ತಾಮ್ರಕ್ಕೆ ಸಾವಯವ ಕೃಷಿಯ ನಿಯಮಗಳಲ್ಲಿ, ನಿರ್ಬಂಧದೊಡನೆಯಾದರೂ, ಅನುಮತಿಯಿದೆ. ನಾವು ಹೆಚ್ಚು ಬೆಲೆ ತೆತ್ತು ಕೊಳ್ಳುವ ಪೊಟ್ಟಣದ ಮೇಲಿನ ಮುದ್ರೆಯನ್ನು ಕಂಡು ನಿಶ್ಚಿಂತರಾಗುವ ಮುನ್ನ ಇದು ನೆನಪಿರಲಿ.

ಜೈವಿಕ ಮದ್ದುಗಳ ಬಗೆಗೂ ನಮ್ಮವರಲ್ಲಿ ಅತಿಯಾದ ಭ್ರಮೆಯಿದೆ. ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಕಾಳುಮೆಣಸಿನ ಬುಡಕ್ಕೆ ಹಾಕಿದರೆ ಸೊರಗು ರೋಗವನ್ನು ತಡೆಯಲು ನೆರವಾಗುತ್ತದೆ. ಮಣ್ಣು ಅದರ ಮನೆ. ಧೋ ಎಂದು ಸುರಿಯುವ ಆಷಾಢದಲ್ಲಿ, ಮರದ ತುದಿಯ ಕೊನೆಯ ಮೇಲೂ ಅದು ಅಷ್ಟೇ ಕೆಲಸ ಮಾಡಬೇಕೆಂದು ಬಯಸುವುದು ಅವಿವೇಕ. ಅಲ್ಲದೆ ಅದು ಜೀವಿ. ತಗಡಿನ ಮಾಡಿನ ಅಂಗಡಿಯ ಕಾವಿನಲ್ಲಿ ತಿಂಗಳುಗಟ್ಟಲೆ ಬಿದ್ದ ಪೊಟ್ಟಣದಲ್ಲಿ ರೈತನಿಗೆ ದಕ್ಕುವುದು ಬರಿಯ ಪುಡಿ. ಅದನ್ನು ತಪಾಸಣೆ ಮಾಡುವವರು ಯಾರು? ಸರಕಾರಿ ಚಾಕರಿಯಲ್ಲಿರುವ ನನಗೆ ಈ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ.

ಉಳಿದದ್ದು ಕೊಟ್ಟೆ, ತೋಟದ ಬಸಿಗಾಲುವೆ, ಉದುರಿದ ಕೊಳೆಕಾಯಿಯನ್ನು ಆಯ್ದು ತೆಗೆಯುವ ಶುಚಿತ್ವ. ಇವಾವುವೂ ಬಾಟಲಿಯಲ್ಲಿ ಬರುವುದಿಲ್ಲ, ಕೈಗಳನ್ನು ಬೇಡುತ್ತವೆ. ಆ ಕೈಗಳು ಎಲ್ಲಿ ಹೋದವು? ಕೊನೆಗೌಡರ ಮಕ್ಕಳು ಪೇಟೆಗೆ ಹೋದರು, ತೋಟದೊಡೆಯರ ಮಕ್ಕಳಾದ ನಾವು ಅವರಿಗಿಂತ ಮೊದಲೇ ಹೊರಟು ಬಂದೆವು. ಮಳೆಯಲ್ಲಿ ಜಾರುವ ಮರವೇರುವವನಿಗೆ ತಕ್ಕ ಕೂಲಿ, ಬಿದ್ದರೆ ವಿಮೆ, ಇವುಗಳ ಮಾತು ನಮ್ಮ ಭಾಷಣಗಳಲ್ಲಿ ಬರುವುದೇ ಇಲ್ಲ. ನೆಲದಲ್ಲೇ ನಿಂತು ಮದ್ದು ಸಿಂಪಡಿಸುವ ಫೈಬರ್ ದೋಟಿ ಬಂದಿದೆ. ಕೊಟ್ಟೆ ಕಟ್ಟುವ ದೋಟಿಯನ್ನು ನಾನಿನ್ನೂ ನೋಡಿಲ್ಲ. ಸಿಂಪರಣೆಯನ್ನು ಸುಲಭಗೊಳಿಸಲು ನಮ್ಮ ಜಾಣ್ಮೆ ದುಡಿಯಿತು, ಕೊಟ್ಟೆಯನ್ನು ಮೂಲೆಗೆ ಸರಿಸಿತು.

ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟು ಜನರ ಹೆಸರು ಊರಿನ ಪಹಣಿಯಲ್ಲಿ ಇನ್ನೂ ಇದೆ? ನನ್ನದಿದೆ. ವರ್ಷಕ್ಕೊಮ್ಮೆ ಅಡಿಕೆಯ ಪಾಲೂ ಬರುತ್ತದೆ. ಈ ಬಾರಿ ಅದನ್ನು ಕಳುಹಿಸಬೇಡ, ಕೆಳಗಿನ ತೋಟದಷ್ಟಕ್ಕಾದರೂ ಕೊಟ್ಟೆ ಕಟ್ಟಿಸು, ಮರ ಹತ್ತುವವರು ಕೇಳಿದಷ್ಟು ಕೂಲಿ ಕೊಡು ಎಂದು ತಮ್ಮನಿಗೆ ಬರೆದಿದ್ದೇನೆ. ಮೇಲಿನ ತೋಟಕ್ಕೆ ಮೈಲುತುತ್ತ ಹೊಡೆಯುತ್ತಾನೆ, ನಾನು ಬೇಡವೆನ್ನಲಿಲ್ಲ.