ನನಗೆ ಬೊಂಡ ಬೇಡ

ಅಸರ್ ನಮಾಝ್ ಆದ ಮೇಲೆ ಹೊನ್ನಾವರದ ಒಂದು ಫ್ಯಾನ್ಸಿ ಅಂಗಡಿಯ ಎದುರು ನಾಲ್ಕೈದು ಪ್ಲಾಸ್ಟಿಕ್ ಕುರ್ಚಿ ಬೀಳುತ್ತವೆ. ಅದೇ ನಮ್ಮ ಕೂಟ. ಅಂಗಡಿಯವರು ಬ್ಯಾರಿಯೇ, ಮೂಲ ಉಪ್ಪಿನಂಗಡಿ ಕಡೆ. ಇನ್ನೊಬ್ಬರು ಮೀನಿನ ಲಾರಿ ವ್ಯವಹಾರದವರು. ಭಟ್ಕಳದ ಒಬ್ಬ ನವಾಯತ್ ಗೆಳೆಯ, ಕುಮಟಾದ ಒಬ್ಬ ಹಣ್ಣಿನ ವ್ಯಾಪಾರಿ, ಈ ಸಲ ದಮ್ಮಾಮಿನಿಂದ ರಜೆಗೆ ಬಂದ ಒಬ್ಬರು, ಮತ್ತೆ ನಾನು. ರಾಜಕೀಯ ಬೇಡ ಎಂದು ನಮ್ಮೊಳಗೆ ಒಪ್ಪಂದ ಆಗಿದೆ. ಹಾಗಾಗಿ ಬೇಸಿಗೆಯಲ್ಲಿ ಮಾತು ಎರಡೇ: ಎಂತ ಕುಡಿಯುವುದು, ಎಲ್ಲಿಗೆ ಹೋಗುವುದು.

ಕೆಲವು ವರ್ಷ ಹಿಂದೆ ಈ ಚರ್ಚೆಗೆ ಎಡೆಯೇ ಇರಲಿಲ್ಲ. 2022ರಲ್ಲಿ ಎಪ್ರಿಲ್ ತಿಂಗಳಿಡೀ ಉಪವಾಸ. ತಂಪು ಪಾನೀಯದ ಸುದ್ದಿ ಎತ್ತಿದವನಿಗೆ ಎಲ್ಲರೂ ಸೇರಿ ಬೈಯುತ್ತಿದ್ದೆವು. ರಮಝಾನ್ ವರ್ಷಕ್ಕೆ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತದಲ್ಲ, ಈಗ ಎಪ್ರಿಲ್, ಮೇ ಹಗಲು ಮತ್ತೆ ಶರಬತ್ತಿನ ಪಾಲಿಗೆ ಬಂದಿದೆ.

ಮೊನ್ನೆ ಜಗಳ ಶುರುವಾದದ್ದು ಬೊಂಡದಿಂದ. ನಾನು ಈ ಊರಿಗೆ ಬಂದ ಹೊಸದರಲ್ಲಿ ಒಂದು ಹೋಟೆಲಿಗೆ ಹೋಗಿ "ಒಂದು ಬೊಂಡ ಕೊಡಿ" ಅಂದಿದ್ದೆ. ಹುಡುಗ ತಟ್ಟೆಯಲ್ಲಿ ಆಲೂಗಡ್ಡೆ ಬೋಂಡ, ಚಟ್ನಿ ತಂದಿಟ್ಟ. ಇಲ್ಲಿ ಎಳನೀರು ಅನ್ನಬೇಕು ಎಂದು ಅವತ್ತು ಕಲಿತೆ. ಈ ಕತೆಯನ್ನು ಫ್ಯಾನ್ಸಿಯವರು ಹೊಸಬರು ಯಾರು ಬಂದರೂ ಹೇಳುತ್ತಾರೆ, ಪ್ರತಿ ಸಲ ಬೋಂಡದ ಸಂಖ್ಯೆ ಒಂದು ಹೆಚ್ಚಾಗುತ್ತದೆ.

ಮೀನಿನವರ ಪಕ್ಷ ಅವಿಲ್ ಮಿಲ್ಕ್. ಬಾಳೆಹಣ್ಣು ಹಿಸುಕಿ, ಹುರಿದ ಅವಲಕ್ಕಿ, ನೆಲಗಡಲೆ, ಮಂಜಿನಂಥ ಹಾಲು. ಕಾಸರಗೋಡಿಗೆ ಲಾರಿ ಹೋದಾಗಲೆಲ್ಲ ಕುಡಿದೇ ಬರುತ್ತಾರಂತೆ. "ಅದು ಕುಡಿಯುವುದಾ, ತಿನ್ನುವುದಾ ಮೊದಲು ತೀರ್ಮಾನ ಮಾಡಿ" ಎಂದು ಭಟ್ಕಳದವರು. ದಮ್ಮಾಮಿನವರಿಗೆ ಮೊಜಿತೊ ಬೇಕು, ಆ ನೀಲಿ ಬಣ್ಣದ್ದು. ನನಗೆ ನೀಲಿ ಬಣ್ಣದ ಯಾವುದನ್ನೂ ಕುಡಿಯಲು ಧೈರ್ಯ ಬರುವುದಿಲ್ಲ, ಬಟ್ಟೆಗೆ ಹಾಕುವ ನೀಲಿಯ ನೆನಪಾಗುತ್ತದೆ. ಕುಮಟಾದವರು ಇಶಾಡು ಮಾವಿನ ಹಣ್ಣಿನ ರಸಕ್ಕೆ ಸಮ ಯಾವುದೂ ಇಲ್ಲ ಎಂದು ಮೇಜು ಗುದ್ದಿದರು. ಅಂಕೋಲಾದ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದ ಮೇಲೆ ಅವರ ಸ್ವರ ಇನ್ನಷ್ಟು ದೊಡ್ಡದಾಗಿದೆ, ತೋಟ ಅವರದ್ದೇ ಎಂಬ ಹಾಗೆ.

ನನ್ನ ಮತ ಪುನರ್ಪುಳಿಗೆ. ಇಲ್ಲಿ ಅದಕ್ಕೆ ಮುರುಗಲು ಎನ್ನುತ್ತಾರೆ. ಹಣ್ಣು ಸೀಳಿ ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟರೆ ಸಕ್ಕರೆಯೇ ರಸವನ್ನು ಎಳೆದುಕೊಳ್ಳುತ್ತದೆ. ನಮ್ಮ ನೆರೆಯ ಹವ್ಯಕರ ಮನೆಯಿಂದ ಮೇ ತಿಂಗಳಲ್ಲಿ ಅಪ್ಪೆಹುಳಿಯೂ ಬರುತ್ತದೆ. ಅಪ್ಪೆ ಮಾವಿನಕಾಯಿ ಬೇಯಿಸಿ ಹಿಂಡಿ, ನೀರಾಗಿ ಮಾಡಿ ಒಗ್ಗರಣೆ ಕೊಟ್ಟದ್ದು. ಲೋಟದಲ್ಲಿ ಕುಡಿದರೆ ಲುಹರ್ ಆದ ಮೇಲೆ ಕಣ್ಣು ತಾನಾಗಿ ಮುಚ್ಚುತ್ತದೆ. ಸಾಯಂಕಾಲ ಕ್ಲಾಸು ಇದ್ದ ದಿನ ಕುಡಿಯಬಾರದು.

"ಉಸ್ತಾದರೆ, ಕಿತಾಬು ನೋಡಿ ಒಂದು ತೀರ್ಪು ಕೊಡಿ" ಅಂದರು ಫ್ಯಾನ್ಸಿಯವರು.

ನಾನು ಇಬ್ನ್ ಬತೂತರನ್ನು ಕರೆದುಕೊಂಡು ಬಂದೆ. ಆ ಮೊರೊಕ್ಕೊ ಪ್ರವಾಸಿ 1342ರ ಸುಮಾರಿಗೆ ಇದೇ ಹೊನ್ನಾವರಕ್ಕೆ ಬಂದಿದ್ದರು. ಅವರ ಬರಹದಲ್ಲಿ ಊರಿನ ಹೆಸರು ಹಿನಾವರ್. ಜನ ನಮ್ಮ ಹಾಗೆ ಶಾಫಿಈ ಮದ್‌ಹಬಿನವರು, ದೊರೆ ಸುಲ್ತಾನ್ ಜಮಾಲುದ್ದೀನ್. ದೊರೆಯ ಊಟವನ್ನು ಅವರು ಬಿಡದೆ ವರ್ಣಿಸಿದ್ದಾರೆ: ತಾಮ್ರದ ತಟ್ಟೆ, ಅನ್ನ, ಅದರ ಮೇಲೆ ತುಪ್ಪ, ಕಾಳುಮೆಣಸು, ಹಸಿ ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ, ಆಮೇಲೆ ಮೀನು, ತರಕಾರಿ, ಕೊನೆಗೆ ಮೊಸರು. ಅನ್ನ ಬಿಟ್ಟರೆ ಬೇರೆ ಇಲ್ಲ, ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲ ಎಂದು ಪಾಪ ಬರೆದುಕೊಂಡಿದ್ದಾರೆ. ಇಷ್ಟೆಲ್ಲ ಆದ ಮೇಲೆ ಕುಡಿಯಲು ಕೊಟ್ಟದ್ದೇನು? ಬಿಸಿನೀರು! ಮಳೆಗಾಲದಲ್ಲಿ ತಣ್ಣೀರು ಆಗುವುದಿಲ್ಲವಂತೆ.

"ಹಾಗಾದರೆ ಬಿಸಿನೀರೇ ಗೆದ್ದದ್ದು" ಎಂದು ಎಲ್ಲರೂ ನಕ್ಕರು. ಅಲ್ಲಿಗೆ ಪಾನೀಯದ ವಿಚಾರಣೆ ಮುಂದೂಡಲ್ಪಟ್ಟಿತು.

ಆಮೇಲೆ ಪ್ರಯಾಣ. ಊಟಿ ಎಂದರು ಒಬ್ಬರು. ಅಲ್ಲಿಗೆ, ಕೊಡೈಕೆನಾಲಿಗೆ 2024ರ ಮೇ 7ರಿಂದ ಇ-ಪಾಸ್ ಮಾಡಿದ್ದಾರೆ, ನಮ್ಮ ಹಾಗೆ ನಿಂತ ಕಾಲಲ್ಲಿ ಹೊರಡುವವರಿಗೆ ಅದು ಆಗುವ ಕೆಲಸ ಅಲ್ಲ. ಕಾಶ್ಮೀರ ಎಂದರು ದಮ್ಮಾಮಿನವರು, ಉಳಿದವರು ಜೇಬು ಮುಟ್ಟಿ ನೋಡಿಕೊಂಡೆವು. ಕೊನೆಗೆ ಭಟ್ಕಳದವರೇ ಹೇಳಿದರು: "ಭಟ್ಕಳದಿಂದ ಕುಮಟಾಕ್ಕೆ ಅರುವತ್ತು ಕಿಲೋಮೀಟರು. ನಾವು ಇಷ್ಟು ವರ್ಷ ಇದ್ದು ಸರಿಯಾಗಿ ನೋಡಿದ್ದು ಯಾರು? ಒಂದು ದಿನ ಎಲ್ಲರೂ ಮನೆಯವರನ್ನು ಕರೆದುಕೊಂಡು ಹೋಗುವ. ಬಿರಿಯಾನಿ ನನ್ನದು." ಭಟ್ಕಳದ ಬಿರಿಯಾನಿ ಎಂದ ಮೇಲೆ ಯಾರೂ ವಿರೋಧ ಹೇಳಲಿಲ್ಲ. ಕುಮಟಾದವರು ತಮ್ಮ ಮನೆಯಂಗಳ ಬಿಟ್ಟುಕೊಟ್ಟರು. ದಾರಿಯಲ್ಲಿ ಹೆದ್ದಾರಿ ಬದಿಗೆ ಕುಮಟಾದ ಸಿಹಿ ಈರುಳ್ಳಿ ಗೊಂಚಲು ಕಟ್ಟಿ ನೇತುಹಾಕಿರುತ್ತಾರಲ್ಲ, ಅದರ ಕಚ್ಚಂಬರಿಗೆ ನಾನು ಜವಾಬ್ದಾರಿ ತೆಗೆದುಕೊಂಡೆ. ಎಲ್ಲೆಲ್ಲಿ ನಿಲ್ಲಿಸಿ ಎಂತೆಂತ ಕುಡಿಯುವುದು ಎಂದೂ ಪಟ್ಟಿ ಆಯಿತು: ಕಬ್ಬಿನ ಹಾಲು ಒಂದು ಕಡೆ, ಎಳನೀರು ಎರಡು ಕಡೆ, ಕಸ್‌ಕಸ್ ಹಾಕಿದ ಲಿಂಬೆ ಶರಬತ್ ಒಂದು ಕಡೆ.

ಖುಷಿಯಲ್ಲಿ ಮನೆಗೆ ಹೋಗಿ ಹೇಳಿದೆ. ಮನೆಯವಳು ಅಕ್ಕಿ ಆರಿಸುತ್ತಾ ಇದ್ದಳು. "ನೀವು ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ನನಗೆ ಬೇಡ" ಅಂದಳು.

ಯಾಕೆ ಎಂದು ಕೇಳಿದರೆ ಮೊದಲು ತಲೆನೋವು ಎಂದಳು, ಆಮೇಲೆ ಬಿಸಿಲು ಎಂದಳು. ಮೂರನೇ ಸಲ ಕೇಳಿದಾಗ ಹೇಳಿದಳು: "ಹೋದ ವರ್ಷ ಬಂಟ್ವಾಳದಿಂದ ಬರುವಾಗ ನೀವು ಎಷ್ಟು ಕಡೆ ಬೊಂಡ ಕುಡಿದಿರಿ?"

ಮೂರು ಕಡೆ. ನನಗೆ ಸರಿಯಾಗಿ ನೆನಪುಂಟು, ಯಾಕೆಂದರೆ ಮೂರೂ ಕಡೆ ನಾನು ಅವಳಿಗೆ ಕೇಳಿದ್ದೆ, ಮೂರೂ ಕಡೆ ಅವಳು "ನನಗೆ ಬೊಂಡ ಬೇಡ" ಅಂದಿದ್ದಳು. ಅವಳಿಗೆ ಬೊಂಡ ಆಗುವುದಿಲ್ಲ ಎಂದು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ.

"ಕುಡಿದರೆ ಎಲ್ಲಿಗೆ ಹೋಗುವುದು?" ಅಂದಳು. "ನೀವು ಗಂಡಸರು ಗಾಡಿ ನಿಲ್ಲಿಸಿ ಮರದ ಹಿಂದೆ ಹೋಗಿ ಬರುತ್ತೀರಿ. ನಮಾಝಿಗೆ ಮಸೀದಿಯ ಹತ್ತಿರ ನಿಲ್ಲಿಸುತ್ತೀರಿ, ವುಳೂ ಮಾಡಿ ಮುಖ ತೊಳೆದು ಫ್ರೆಶ್ ಆಗಿ ಬರುತ್ತೀರಿ. ನಾವು ಗಾಡಿಯೊಳಗೆ ಗ್ಲಾಸು ಏರಿಸಿ ಕೂತಿರುತ್ತೇವೆ. ಆ ಹೋಟೆಲಿನಲ್ಲಿ ಹೋದೆನಲ್ಲ, ಬಾಗಿಲಿಗೆ ಚಿಲಕ ಇರಲಿಲ್ಲ, ಮಗಳನ್ನು ಹೊರಗೆ ನಿಲ್ಲಿಸಿ ಬಾಗಿಲು ಹಿಡಿಸಿದೆ. ಅವತ್ತಿನಿಂದ ಪ್ರಯಾಣ ಇದ್ದ ದಿನ ನಾನು ಬೆಳಿಗ್ಗೆಯಿಂದಲೇ ನೀರು ಕುಡಿಯುವುದಿಲ್ಲ."

ಐದು ಗಂಟೆಯ ದಾರಿ, ಮೇ ತಿಂಗಳ ಸೆಕೆ, ಮೈ ತುಂಬ ಬುರ್ಖಾ. ಊರಿಗೆ ಬಂದು ಎರಡು ದಿನ ಉರಿಮೂತ್ರ ಎಂದು ಮಲಗಿದ್ದಳು. ನಾನು ಅವಳಿಗೆ ಉಪದೇಶ ಮಾಡಿದ್ದೆ, ನೀರು ಹೆಚ್ಚು ಕುಡಿಯಬೇಕು ಎಂದು.

ಮರುದಿನ ಕೂಟದಲ್ಲಿ ಈ ಮಾತು ತೆಗೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೀನಿನವರು "ಇದೆಲ್ಲ ನಾಲ್ಕು ಜನರ ಎದುರು ಹೇಳುವ ವಿಷಯವಾ ಉಸ್ತಾದರೆ?" ಎಂದರು. ಯಾಕಲ್ಲ? ನಮ್ಮ ಫಿಕ್‌ಹ್ ಕಿತಾಬುಗಳಲ್ಲಿ ಹೆಚ್ಚಿನವು ಶುರುವಾಗುವುದೇ ಶುದ್ಧಿಯ ಅಧ್ಯಾಯದಿಂದ. ಏಳೆಂಟು ವರ್ಷದ ಮಕ್ಕಳಿಗೆ ಶೌಚದ ಅದಬನ್ನು ನಾಚಿಕೆ ಇಲ್ಲದೆ ಕಲಿಸುತ್ತೇವೆ, ಯಾವ ಕಾಲು ಮೊದಲು, ಯಾವ ದುಆ ಎಂದು ಬಾಯಿಪಾಠ ಮಾಡಿಸುತ್ತೇವೆ. ಹೆಂಗಸರಿಗೆ ಕಾಲಿಡಲು ಜಾಗ ಉಂಟಾ ಎಂದು ಕೇಳುವಾಗ ಮಾತ್ರ ನಾಚಿಕೆ ಬರುತ್ತದೆ. ದಮ್ಮಾಮಿನವರು ನಿಧಾನ ಹೇಳಿದರು, "ನನ್ನ ಉಮ್ಮನೂ ಬಸ್ಸಿನಲ್ಲಿ ಹೋಗುವ ದಿನ ಗಂಜಿನೀರು ಸಹ ಮುಟ್ಟುತ್ತಿರಲಿಲ್ಲ. ವಾಂತಿಯ ಹೆದರಿಕೆ ಎಂದು ನಾವು ತಿಳಿದಿದ್ದೆವು." ಅಲ್ಲಿಂದ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು.

ನನಗೆ ನೆನಪಾದದ್ದು ಮದ್ರಸ. ಬೇಸಿಗೆಯಲ್ಲಿ ಎಲ್ಲ ಮಕ್ಕಳೂ ನೀರಿನ ಬಾಟಲಿ ತರಬೇಕು ಎಂದು ನಾನೇ ಹೇಳಿದ್ದೇನೆ. ಹುಡುಗರ ಬಾಟಲಿ ಅರ್ಧ ಗಂಟೆಯಲ್ಲಿ ಖಾಲಿ. ದೊಡ್ಡ ಹುಡುಗಿಯರ ಬಾಟಲಿ ಬಂದ ಹಾಗೆ ತುಂಬಿದ್ದು ಹಿಂದೆ ಹೋಗುತ್ತದೆ. ಹುಡುಗಿಯರು ಶಿಸ್ತಿನವರು, ಪಾಠದ ನಡುವೆ ಎದ್ದು ಹೋಗುವುದಿಲ್ಲ ಎಂದು ನಾನು ಹೊಗಳುತ್ತಿದ್ದೆ. ಅವರ ಶೌಚಾಲಯಕ್ಕೆ ಹೋಗಬೇಕಾದರೆ ಹುಡುಗರು ಆಡುವ ಅಂಗಳ ದಾಟಿಯೇ ಹೋಗಬೇಕು, ಒಳಗೆ ನಲ್ಲಿಯಲ್ಲಿ ನೀರು ನಿಂತು ಎಷ್ಟು ಕಾಲವಾಯಿತೋ. ಕಮಿಟಿಯವರನ್ನು ದೂರುವ ಮೊದಲು ನಾನು ಒಂದು ದಿನವಾದರೂ ಆ ಬಾಗಿಲು ತೆರೆದು ನೋಡಿದ್ದೇನಾ? ಇಲ್ಲ. ಈಗ ನೋಡಿದೆ. ಪೈಪು ಸರಿ ಮಾಡಿಸಿದ್ದೇವೆ, ಬಾಗಿಲನ್ನು ಹಿಂಬದಿಗೆ ತಿರುಗಿಸುವ ಕೆಲಸ ಆಗುತ್ತಾ ಉಂಟು. ಅದೇ ಇಬ್ನ್ ಬತೂತ ಹಿನಾವರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಮದ್ರಸ ಇದ್ದವು, ಬೇರೆಲ್ಲೂ ಇಂಥದ್ದು ಕಂಡಿಲ್ಲ ಎಂದು ಬರೆದದ್ದನ್ನು ನಾನು ಪ್ರತಿ ವಾರ್ಷಿಕೋತ್ಸವದಲ್ಲಿ ಭಾಷಣದಲ್ಲಿ ಹೇಳುತ್ತೇನೆ. ಈ ವರ್ಷ ಹೇಳುವಾಗ ಸ್ವರ ಸ್ವಲ್ಪ ತಗ್ಗಿಸಬೇಕು.

ನಮ್ಮ ಜಮಾಅತ್ ಕಮಿಟಿಗಳಿಗೆ ನನ್ನದೊಂದು ಕೋರಿಕೆ. ಹೆದ್ದಾರಿ 66ರ ಬದಿಯಲ್ಲಿ ಮಸೀದಿ ಇಲ್ಲದ ಊರು ಕಡಿಮೆ. ಪ್ರಯಾಣಿಕ ಹೆಂಗಸರಿಗೆ ಬೇರೆ ದಾರಿ, ಬೇರೆ ಶೌಚಾಲಯ, ನಮಾಝಿಗೆ ಒಂದು ಕೋಣೆ ಮಾಡಿ, ಹೊರಗೆ ಕಾಣುವ ಹಾಗೆ ಬೋರ್ಡು ಹಾಕಿದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ಅಲ್ಲಾಹನು ಅವರಿಗೆ ಒಳ್ಳೆಯದು ಮಾಡಲಿ. ಉಳಿದ ಕಡೆ ಮಿನಾರಕ್ಕೆ ಲೈಟು ಹಾಕುವ ಮೊದಲು ಈ ಕೆಲಸ ಆಗಲಿ. ಯಾವ ಧರ್ಮದ ಹೆಂಗಸು ಬಂದರೂ ಬೀಗದ ಕೈ ಕೊಡಿ. ಮನೆಯ ಗಂಡಸರಿಗೆ ಹೇಳುವುದು ಇನ್ನೂ ಸಣ್ಣದು: ಪೆಟ್ರೋಲ್ ಬಂಕಿನಲ್ಲಿ ಕೀ ಕೇಳಿ ತರುವವರು ನೀವೇ ಆಗಿ, ಒಳಗೆ ನೀರು, ಚಿಲಕ ಉಂಟಾ ಎಂದು ನೋಡಿಸಿ, ಆಮೇಲೆ ಬೊಂಡಕ್ಕೆ ಕರೆಯಿರಿ. "ಬೇಡ" ಅಂದರೆ ಯಾಕೆ ಎಂದು ಮೂರು ಸಲ ಕೇಳಿ.

ನಮ್ಮ ಪ್ರಯಾಣದ ಪಟ್ಟಿ ಪುನಃ ಬರೆದೆವು. ಈ ಸಲ ಮೊದಲು ಶೌಚಾಲಯ, ಅದರ ಪಕ್ಕದಲ್ಲಿ ಪಾನೀಯ. ಮೊದಲ ನಿಲುಗಡೆ ಕಾಸರಕೋಡು ಕಡಲತೀರ. ಅದಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತ್ತು, ಶೌಚಾಲಯ ಇರಲೇಬೇಕು ಎಂಬುದು ಆ ಮಾನ್ಯತೆಯ ಷರತ್ತು. ಆದರೂ ಫ್ಯಾನ್ಸಿಯವರು ಮುಂಚಿನ ದಿನ ಹೋಗಿ ನೋಡಿ ಬರುತ್ತಾರೆ. ಮಕ್ಕಳು ನೀರಿಗಿಳಿಯುವುದು ಎಲ್ಲೂ ಇಲ್ಲ, ಇದು ಭಟ್ಕಳದವರ ಹಠ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ಕು ಹುಡುಗಿಯರು ತೀರಿಹೋದ ಸುದ್ದಿ ಅವರ ಮನಸ್ಸಿನಿಂದ ಹೋಗಿಲ್ಲ. ಅದರ ಬದಲು ಶರಾವತಿಯ ಕಾಂಡ್ಲಾ ಗಿಡಗಳ ನಡುವೆ ಹಲಗೆ ಹಾಸಿದ ದಾರಿಯಲ್ಲಿ ನಡೆಯುವುದು. ಆಮೇಲೆ ಸೇತುವೆ. ಮನೆಯವಳು ಒಂಬತ್ತು ವರ್ಷದಿಂದ ಆ ಸೇತುವೆಯನ್ನು ಬಸ್ಸಿನಲ್ಲಿ ದಾಟುತ್ತಿದ್ದಾಳೆ, ಒಂದು ಸಲವೂ ಇಳಿದು ನದಿ ನೋಡಿಲ್ಲ. ಎರಡು ಕಿಲೋಮೀಟರು ಉದ್ದದ ರೈಲು ಸೇತುವೆಯ ಮೇಲೆ ಗಾಡಿ ಹೋಗುವುದನ್ನು ದಡದಲ್ಲಿ ನಿಂತು ನೋಡಬೇಕು ಎಂದಿದ್ದಾಳೆ.

ಕುಮಟಾದ ಮನೆಯಲ್ಲಿ ಊಟ, ನಮಾಝ್. ಅಲ್ಲಿಯ ಹೆಂಗಸರು ಅವತ್ತು ಒಲೆ ಹಚ್ಚಬಾರದು ಎಂದು ಕರಾರು. ಹೊತ್ತಿದ್ದರೆ ಮಿರ್ಜಾನ್ ಕೋಟೆ, ಇಲ್ಲದಿದ್ದರೆ ಅಘನಾಶಿನಿಯ ಅಳಿವೆ, ಎರಡನ್ನೂ ನೋಡುತ್ತೇವೆಂದು ದಮ್ಮಾಮಿನವರು, ಆಗುವುದಿಲ್ಲ ಎಂದು ನಾನು.

ಪುನರ್ಪುಳಿ ಶರಬತ್ ಈ ಸಲ ನನ್ನ ಕೈಯದ್ದು. ಭರಣಿ ಟೆರೇಸಿನಲ್ಲಿ ಬಿಸಿಲಿಗೆ ಕೂತು ಇವತ್ತಿಗೆ ಐದು ದಿನ. ನಿನ್ನೆ ಮನೆಯವಳು ಚಮಚದಲ್ಲಿ ರುಚಿ ನೋಡಿ, ಸಕ್ಕರೆ ಜಾಸ್ತಿ ಆಯಿತು, ನೀರು ಹೆಚ್ಚು ಸೇರಿಸಿ ಕುಡಿಯಬೇಕಾದೀತು ಅಂದಳು. ಎಷ್ಟು ಬೇಕಾದರೂ ಸೇರಿಸು ಅಂದೆ.