ಒಗಟಿನ ದ್ವೀಪ

ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಸಾಗುವ ದಾರಿಯಲ್ಲಿರುವ ತುಳಸಿಗೇರಿ, ಹನುಮಂತ ದೇವರ ಗುಡಿಯಿಂದ ಹೆಸರಾದ ಊರು. ಉತ್ತರ ಕರ್ನಾಟಕದ ಇತರ ಹಳ್ಳಿಗಳಲ್ಲಿರುವಂತೆ ಆ ಸೀಮೆಯಲ್ಲಿಯೂ ಬುದ್ಧಿಗೆ ಸಾಣೆ ಹಿಡಿಯುವ ಆಟಗಳು ಹಿಂದಿನಿಂದಲೂ ಬಳಕೆಯಲ್ಲಿವೆ. ಕಟ್ಟೆಯ ಕಲ್ಲಿನ ಮೇಲೆ ಇದ್ದಿಲಿನಿಂದ ನಾಲ್ಕಾರು ಗೆರೆ ಎಳೆದರೆ ಹುಲಿ-ಕುರಿಯಾಟದ ಮನೆಗಳು ಸಿದ್ಧವಾಗುತ್ತವೆ. ದೊಡ್ಡ ಹರಳುಗಳು ಹುಲಿಗಳಾದರೆ ಸಣ್ಣ ಹರಳುಗಳು ಕುರಿಗಳಾಗುತ್ತವೆ. ಅದೂ ಬೇಡವೆಂದರೆ ಒಗಟುಗಳಿವೆ. ಅವುಗಳಿಗೆ ಹರಳೂ ಬೇಡ, ಗೆರೆಯೂ ಬೇಡ. ಹೇಳುವ ಒಂದು ಬಾಯಿ, ಕೇಳುವ ಎರಡು ಕಿವಿಗಳಿದ್ದರೆ ಸಾಕು. ಬೇಕೆಂದೇ ಒಂದು ತೊಡಕನ್ನು ಕಟ್ಟಿಕೊಂಡು, ಅದನ್ನು ಬಿಡಿಸುವುದರಲ್ಲಿ ಸುಖ ಕಾಣುವುದು ಮನುಷ್ಯನ ಸ್ವಭಾವ.

ಇಂದು ಆ ತೊಡಕು ಕಟ್ಟೆಯಿಂದ ಗಣಕಯಂತ್ರದ ಪರದೆಗೂ ಮೊಬೈಲ್ ಫೋನಿಗೂ ಏರಿದೆ. ವಿಡಿಯೊ ಆಟವೆಂದೊಡನೆ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ಗುಂಡಿನ ಸದ್ದು, ಅವಸರ, ಕಾಲಹರಣ ಇವೇ ಅವರ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಎಲ್ಲ ವಿಡಿಯೊ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅವುಗಳಲ್ಲಿ ಒಗಟುಗಳನ್ನು ಬಿಡಿಸುತ್ತ ಅಪರಿಚಿತ ಲೋಕವೊಂದರಲ್ಲಿ ಮುಂದುವರಿಯುವ ಸಾಹಸದ ಆಟಗಳದೇ ಒಂದು ಪಂಗಡವುಂಟು. ಆ ಪಂಗಡದ ಗುಣದೋಷಗಳನ್ನು ಅರಿಯಲು ‘ಮಿಸ್ಟ್’ ಎಂಬ ಆಟ ತಕ್ಕ ಉದಾಹರಣೆಯಾಗಿದೆ.

ಅಮೆರಿಕದ ರಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಸಹೋದರರು ತಮ್ಮ ‘ಸಯಾನ್’ ಸಂಸ್ಥೆಯ ಮೂಲಕ 1993ರಲ್ಲಿ ಈ ಆಟವನ್ನು ಹೊರತಂದರು. ಫ್ರೆಂಚ್ ಲೇಖಕ ಜೂಲ್ಸ್ ವರ್ನ್‌ನ ನಿಗೂಢ ದ್ವೀಪದ ಕಾದಂಬರಿ ಅವರಿಗೆ ಪ್ರೇರಣೆಯನ್ನಿತ್ತಿತು. ಆಟಗಾರನು ಒಂದು ವಿಚಿತ್ರ ಪುಸ್ತಕವನ್ನು ಮುಟ್ಟಿದೊಡನೆ ನಿರ್ಜನ ದ್ವೀಪವೊಂದನ್ನು ಸೇರುತ್ತಾನೆ. ಏನು ಮಾಡಬೇಕೆಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಹಡಗುಕಟ್ಟೆ, ಗ್ರಂಥಾಲಯ, ಗಡಿಯಾರದ ಗೋಪುರ, ಅರ್ಥವಾಗದ ಯಂತ್ರಗಳು ಇವೇ ಅವನ ಸಂಗಾತಿಗಳು. ಗ್ರಂಥಾಲಯದಲ್ಲಿ ಕೆಂಪು ಮತ್ತು ನೀಲಿ ಬಣ್ಣದ ಎರಡು ಪುಸ್ತಕಗಳಿದ್ದು, ಒಂದೊಂದರಲ್ಲಿ ಒಬ್ಬ ಸಹೋದರ ಸೆರೆಯಾಗಿದ್ದಾನೆ. ತಪ್ಪಿತಸ್ಥ ತಾನಲ್ಲ, ಇನ್ನೊಬ್ಬನೆಂದು ಇಬ್ಬರೂ ದೂರುತ್ತಾರೆ. ತನ್ನ ಪುಸ್ತಕದ ಕಳೆದುಹೋದ ಹಾಳೆಗಳನ್ನು ತಂದುಕೊಡಬೇಕೆಂದು ಇಬ್ಬರೂ ಬೇಡುತ್ತಾರೆ.

ಈ ಆಟದ ಮೊದಲ ಗುಣವೆಂದರೆ ಅದು ಆಟಗಾರನನ್ನು ಹೆದರಿಸುವುದಿಲ್ಲ, ಅವಸರಪಡಿಸುವುದೂ ಇಲ್ಲ. ಇಲ್ಲಿ ಬೆನ್ನಟ್ಟುವ ಶತ್ರುವಿಲ್ಲ, ಓಡುವ ಕಾಲದ ಗಡುವಿಲ್ಲ. ತಪ್ಪು ಗುಂಡಿ ಒತ್ತಿದವನು ಮತ್ತೆ ಯೋಚಿಸಬಹುದು. ತಪ್ಪಿಗೆ ದಂಡನೆಯಿಲ್ಲದ ಕಡೆ ಬುದ್ಧಿ ಧೈರ್ಯವಾಗಿ ಹೆಜ್ಜೆಯಿಡುತ್ತದೆ ಎಂಬುದು ಶಾಲೆಯಲ್ಲಿಯೂ ನಿಜ, ಆಟದಲ್ಲಿಯೂ ನಿಜ.

ಎರಡನೆಯ ಗುಣ, ಅದು ಬೆಳೆಸುವ ಅವಲೋಕನ ಶಕ್ತಿ. ಗ್ರಂಥಾಲಯದ ದಿನಚರಿಯೊಂದರಲ್ಲಿ ನಕ್ಷತ್ರಪುಂಜಗಳ ಚಿತ್ರಗಳಿವೆ. ಬೇರೊಂದು ಕಟ್ಟಡದಲ್ಲಿ, ದಿನಾಂಕವನ್ನು ಕೊಟ್ಟರೆ ಆ ಹೊತ್ತಿನ ಆಕಾಶವನ್ನು ತೋರಿಸುವ ಯಂತ್ರವಿದೆ. ಎರಡನ್ನೂ ಹೋಲಿಸಿ, ಕೊಳದ ಸುತ್ತಲಿನ ಕಂಬಗಳಲ್ಲಿ ಸರಿಯಾದ ಚಿಹ್ನೆಗಳನ್ನು ಒತ್ತಿದರೆ ಕೊಳದಲ್ಲಿ ಮುಳುಗಿದ್ದ ಪುಟ್ಟ ಹಡಗು ಮೇಲೇಳುತ್ತದೆ. ಅದರೊಡನೆ ದಡದಲ್ಲಿ ಮುಳುಗಿದ್ದ ನಿಜವಾದ ಹಡಗೂ ಮೇಲೇಳುತ್ತದೆ. ಒಂದೆಡೆ ಓದಿದ್ದನ್ನು ಇನ್ನೊಂದೆಡೆ ಕಂಡದ್ದಕ್ಕೆ ಹೊಂದಿಸುವ ಈ ಅಭ್ಯಾಸವೇ ವಿದ್ಯೆಯ ತಿರುಳು. ಆಟದ ಪೆಟ್ಟಿಗೆಯಲ್ಲಿ ಟಿಪ್ಪಣಿ ಬರೆದುಕೊಳ್ಳಲು ಖಾಲಿ ಪುಸ್ತಕವೊಂದನ್ನು ಇಟ್ಟಿದ್ದುದು ತಯಾರಕರ ಉದ್ದೇಶವನ್ನು ಸ್ಪಷ್ಟಪಡಿಸುತ್ತದೆ.

ಮೂರನೆಯ ಗುಣ ಇನ್ನೂ ಸೂಕ್ಷ್ಮವಾದುದು. ಕೊನೆಯ ಒಗಟು ಯಂತ್ರದ್ದಲ್ಲ, ಮನುಷ್ಯರದು. ಸಹೋದರರಲ್ಲಿ ಯಾರನ್ನು ನಂಬಿ ಬಿಡುಗಡೆ ಮಾಡಿದರೂ ಆಟಗಾರನೇ ಆ ಪುಸ್ತಕದಲ್ಲಿ ಸೆರೆಯಾಗುತ್ತಾನೆ. ಅವರು ಬಾಳಿದ ಕೋಣೆಗಳನ್ನು ಕಣ್ಣಿಟ್ಟು ನೋಡಿದವನಿಗೆ ಇಬ್ಬರ ಕ್ರೌರ್ಯವೂ ತಿಳಿಯುತ್ತದೆ. ಸವಿಮಾತಿಗಿಂತ ನಡತೆಯೇ ಸಾಕ್ಷಿಯೆಂಬ ವಿವೇಕವನ್ನು ಉಪದೇಶವಿಲ್ಲದೆ ಕಲಿಸುವುದು ಸಣ್ಣ ಸಾಧನೆಯಲ್ಲ.

ಇಷ್ಟಾದರೂ ದೋಷಗಳಿಲ್ಲದಿಲ್ಲ. ಒಳ್ಳೆಯ ಒಗಟಿಗೆ ಒಂದು ಲಕ್ಷಣವುಂಟು: ಉತ್ತರ ಕೇಳಿದಾಗ ‘ಇದು ಹೊಳೆಯಬೇಕಿತ್ತು’ ಎನ್ನಿಸಬೇಕು. ಮಿಸ್ಟ್‌ನ ಎಲ್ಲ ಒಗಟುಗಳೂ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಒಂದೆಡೆ ವಾದ್ಯದ ಸ್ವರಗಳನ್ನು ನೆನಪಿಟ್ಟು, ಸನ್ನೆಕೋಲುಗಳಿಂದ ಅದೇ ಸ್ವರಗಳನ್ನು ಹೊಂದಿಸಬೇಕು. ಸ್ವರಜ್ಞಾನವಿಲ್ಲದವನು ಎಷ್ಟು ತರ್ಕಿಸಿದರೂ ಅಲ್ಲಿ ಸೋಲುತ್ತಾನೆ. ಇನ್ನೊಂದೆಡೆ ನೆಲದಡಿಯ ಚಕ್ರವ್ಯೂಹದಲ್ಲಿ ಸದ್ದುಗಳೇ ದಿಕ್ಕನ್ನು ಸೂಚಿಸುತ್ತವೆ. ಆ ಸದ್ದುಗಳ ಅರ್ಥ ಬೇರೊಂದು ಲೋಕದಲ್ಲಿ ತಿಳಿಯುವಂಥದು. ಅಲ್ಲಿಗೆ ಮೊದಲು ಹೋಗದವನು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಇದು ಬುದ್ಧಿಯ ಪರೀಕ್ಷೆಯಲ್ಲ, ಸಹನೆಯ ಪರೀಕ್ಷೆ.

ಇದಕ್ಕಿಂತ ದೊಡ್ಡ ದೋಷ ಬೇರೆಯಿದೆ. ವಾರಗಟ್ಟಲೆ ಕಾಡುವ ಈ ಆಟವನ್ನು ಉತ್ತರ ಬಲ್ಲವನು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಒಮ್ಮೆ ಬಿಡಿಸಿದ ಮೇಲೆ ದ್ವೀಪದಲ್ಲಿ ಹೊಸದೇನೂ ಉಳಿಯುವುದಿಲ್ಲ. ಹುಲಿ-ಕುರಿಯಾಟವಾದರೋ ಹಾಗಲ್ಲ. ಅದರ ಒಂದು ಬಗೆಯಲ್ಲಿ 3 ಹುಲಿಗಳಿಗೆ ಎದುರಾಗಿ 15 ಕುರಿಗಳಿರುತ್ತವೆ. ಹುಲಿ ಹಾರಿ ಕುರಿಯನ್ನು ಕೊಲ್ಲಬಲ್ಲದು. ಕುರಿಗಳು ಒಗ್ಗಟ್ಟಿನಿಂದ ಹುಲಿಯ ದಾರಿ ಕಟ್ಟಬಲ್ಲವು. ನಿಯಮಗಳು ನಿನ್ನೆಯವೇ ಆದರೂ ಎದುರಿಗೆ ಕುಳಿತವನ ಮನಸ್ಸು ಇಂದು ಬೇರೆಯಾಗಿರುವುದರಿಂದ ತೊಡಕು ಪ್ರತಿ ಬಾರಿಯೂ ಹೊಸದಾಗಿ ಹುಟ್ಟುತ್ತದೆ. ಮಿಸ್ಟ್‌ನ ತಯಾರಕರೂ ತಮ್ಮ ಆಟದ ಈ ಕೊರತೆಯನ್ನು ಕಾಣದಿರಲಿಲ್ಲ. 2021ರಲ್ಲಿ ಗಣಕಯಂತ್ರಗಳಿಗಾಗಿ ಬಂದ ಹೊಸ ರೂಪದಲ್ಲಿ, ಬಯಸಿದವರಿಗೆ ಒಗಟುಗಳ ಉತ್ತರಗಳು ಬದಲಾಗುವ ಏರ್ಪಾಡನ್ನು ಅವರು ಮಾಡಿದರು. ಆದರೆ ಬೀಗದ ಸಂಖ್ಯೆ ಬದಲಾಯಿತೇ ಹೊರತು ಬೀಗ ತೆರೆಯುವ ಬಗೆ ಬದಲಾಗಲಿಲ್ಲ.

ಕನ್ನಡದ ಮಕ್ಕಳ ಮಟ್ಟಿಗೆ ಮತ್ತೊಂದು ತೊಡಕುಂಟು. ದ್ವೀಪದ ದಿನಚರಿಗಳೂ ಪತ್ರಗಳೂ ಕನ್ನಡದಲ್ಲಿಲ್ಲ. ಒಗಟನ್ನು ಬಿಡಿಸುವ ಸಾಮರ್ಥ್ಯವಿರುವ ತುಳಸಿಗೇರಿಯ ಬಾಲಕಿಯೊಬ್ಬಳು ಇಂಗ್ಲಿಷಿನ ಹೊಸ್ತಿಲಲ್ಲಿಯೇ ನಿಲ್ಲಬೇಕಾದರೆ, ಆ ಸೋಲು ಅವಳ ಬುದ್ಧಿಯದಲ್ಲ. ಮಾತೃಭಾಷೆಯಲ್ಲಿ ಯೋಚಿಸುವವರಿಗೆ ಮಾತೃಭಾಷೆಯಲ್ಲಿಯೇ ಒಗಟು ದೊರೆಯಬೇಕೆಂಬುದು ದುಬಾರಿ ಬೇಡಿಕೆಯೇನೂ ಅಲ್ಲ.

ಹಾಗಾದರೆ ಇಂಥ ಆಟಗಳನ್ನು ಮಕ್ಕಳಿಂದ ದೂರವಿಡಬೇಕೆ? ಅದು ಸರಿಯಾದ ಉತ್ತರವಲ್ಲ. ಒಗಟೆಂಬುದು ಎಂದೂ ಒಬ್ಬನ ಸೊತ್ತಾಗಿರಲಿಲ್ಲ. ಇಂದು ಅದನ್ನು ಬಿಡಿಸಿದವನು ನಾಳೆ ಬೇರೊಬ್ಬನಿಗೆ ಹಾಕುತ್ತಾನೆ, ಕೇಳುಗನೇ ಹೇಳುಗನಾಗುತ್ತಾನೆ. ಉತ್ತರ ತಿಳಿದ ಮೇಲೂ ಒಗಟು ಸಾಯದೆ ತಲೆಮಾರುಗಳನ್ನು ದಾಟಿ ಬಂದುದರ ಗುಟ್ಟು ಇದೇ. ಪರದೆಯ ಮುಂದೆ ಒಬ್ಬನೇ ಕುಳಿತರೆ ಈ ಸರಪಳಿ ಕಡಿಯುತ್ತದೆ. ಅಕ್ಕ ತಮ್ಮಂದಿರೋ ಗೆಳೆಯರೋ ಜೊತೆಯಾಗಿ ಕುಳಿತು, ಒಬ್ಬರು ನೋಡುತ್ತ, ಒಬ್ಬರು ಬರೆಯುತ್ತ, ಇಬ್ಬರೂ ವಾದಿಸುತ್ತ ಆಡಿದರೆ ಅದೇ ಪರದೆ ಗುಡಿಯ ಕಟ್ಟೆಯಾಗುತ್ತದೆ. ಸಿಕ್ಕಿಬಿದ್ದಾಗ ಸಿದ್ಧ ಉತ್ತರವನ್ನು ಹುಡುಕುವ ಚಪಲವನ್ನು ಒಂದು ರಾತ್ರಿಯಾದರೂ ತಡೆದುಕೊಂಡರೆ ಆಟದ ಪೂರ್ಣ ಫಲ ದೊರೆಯುತ್ತದೆ.

ಒಗಟು ಬಿಡಿಸುವುದರಿಂದ ಒಗಟು ಕಟ್ಟುವುದಕ್ಕೆ ಏರುವುದು ಮುಂದಿನ ಮೆಟ್ಟಿಲು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟುವ ತೊಡಕಿನಲ್ಲಿ ಆಸಕ್ತರಾಗಿದ್ದರು; ಅಷ್ಟಕ್ಕೇ ತೃಪ್ತರಾಗದೆ ತಾವೇ ಹೊಸ ಮಣೆಯಾಟಗಳನ್ನು ರಚಿಸಿದರು. ತುಳಸಿಗೇರಿಯ ನೆರೆಯಲ್ಲಿಯೇ ಬಾದಾಮಿಯ ಗುಹೆಗಳಿವೆ. 578ರ ಶಾಸನವಿರುವ 3ನೆಯ ಗುಹೆಯಿದೆ. ಐಹೊಳೆಯ ಬೆಟ್ಟದ ಮೇಲೆ 634ರಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಹಳೆಯ ಲಿಪಿ, ಬಂಡೆ, ಕೆರೆ, ಮೆಟ್ಟಿಲು, ಕತ್ತಲೆಯ ಮೂಲೆ ಎಲ್ಲವೂ ಇರುವ ಈ ನಾಡಿಗೆ ಒಗಟಿನ ದ್ವೀಪವನ್ನು ಕಡಲಾಚೆಯಿಂದಲೇ ತರಿಸಿಕೊಳ್ಳಬೇಕಾದ ಬಡತನವಿಲ್ಲ.

ಆಟವೊಂದನ್ನು ಅಳೆಯುವ ಕೋಲು ಅದು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದಲ್ಲ, ಮುಗಿದ ಮೇಲೆ ಏನನ್ನು ಬಿಟ್ಟುಹೋಗುತ್ತದೆ ಎಂಬುದು. ಉತ್ತರವನ್ನಷ್ಟೇ ಬಿಟ್ಟುಹೋಗುವ ಆಟ ಅಲ್ಲಿಗೇ ತೀರುತ್ತದೆ. ಇನ್ನೊಬ್ಬರಿಗೆ ಹೊಸ ಒಗಟು ಹಾಕುವ ಹುಮ್ಮಸ್ಸನ್ನು ಬಿಟ್ಟುಹೋಗುವ ಆಟ ಮುಂದಿನ ತಲೆಮಾರಿಗೂ ಸಲ್ಲುತ್ತದೆ.