ರಾರಿಟನ್ನಿನ ಸಹಿ

ನ್ಯೂಜೆರ್ಸಿಯ ಬ್ರಿಡ್ಜ್‌ವಾಟರಿನ ಬಾಲಾಜಿ ದೇವಸ್ಥಾನಕ್ಕೆ ಹೋಗುವ ನಮ್ಮವರಲ್ಲಿ ಎಷ್ಟೋ ಮಂದಿ ಸಾಮರ್‌ವಿಲ್ ಸರ್ಕಲ್ ಸುತ್ತಿಕೊಂಡೇ ಹೋಗುತ್ತಾರೆ. ಅಲ್ಲೇ ಹತ್ತಿರ, ರಾರಿಟನ್ನಿನಲ್ಲಿ, ಸೆನೆಟರ್ ಜೋಸೆಫ್ ಫ್ರೀಲಿಂಗ್‌ಹೈಸನ್‌ರ ಬಂಗಲೆಯಿತ್ತು. 1921ರ ಜುಲೈ 2ರಂದು ಅಲ್ಲಿ ಅತಿಥಿಯಾಗಿದ್ದ ಅಧ್ಯಕ್ಷ ಹಾರ್ಡಿಂಗ್ ಗಾಲ್ಫ್ ಆಟವನ್ನು ಅರ್ಧಕ್ಕೆ ಬಿಟ್ಟು ಬಂದು, ವಾಷಿಂಗ್ಟನ್ನಿನಿಂದ ತಂದಿದ್ದ ಕಾಗದಕ್ಕೆ ಸಹಿ ಹಾಕಿ, ಮತ್ತೆ ಆಡಲು ಹೋದರು. ಜರ್ಮನಿಯೊಡನೆ ಅಮೆರಿಕದ ಮೊದಲ ಮಹಾಯುದ್ಧ ಕಾನೂನಿನ ಪ್ರಕಾರ ಮುಗಿದದ್ದು ಹಾಗೆ. ಗುಂಡಿನ ಸದ್ದು ನಿಂತು ಆಗಲೇ ಎರಡೂವರೆ ವರ್ಷ ಕಳೆದಿತ್ತು.

ಹಿಂದೆ ನ್ಯೂಜೆರ್ಸಿಯ ಗವರ್ನರ್ ಆಗಿದ್ದ, ಹಾರ್ಡಿಂಗ್‌ಗೆ ಮೊದಲಿನ ಅಧ್ಯಕ್ಷ ವುಡ್ರೋ ವಿಲ್ಸನ್ ಪ್ಯಾರಿಸ್ಸಿನಿಂದ ತಂದ ವರ್ಸೇಲ್ಸ್ ಒಪ್ಪಂದವನ್ನು, ಅದರೊಂದಿಗೆ ರಾಷ್ಟ್ರಸಂಘವನ್ನೂ, ಸೆನೆಟ್ ಎರಡು ಸಲ ತಿರಸ್ಕರಿಸಿತ್ತು. ಪರರ ಜಗಳ ನಮಗೇಕೆ ಎಂಬ ಗಾಳಿ ಆಗಿನದು. ಆದರೂ ರಾರಿಟನ್ನಿನ ಕಾಗದ ನೋಡಿ: ಆ ಒಪ್ಪಂದದಿಂದ ಸಿಗಬಹುದಾದ ಹಕ್ಕು, ಪರಿಹಾರಗಳನ್ನೆಲ್ಲ ಅಮೆರಿಕ ಜೋಪಾನವಾಗಿ ಕಾದಿರಿಸಿಕೊಂಡಿದೆ. ಹೊಣೆ ಬೇಡ, ಪಾಲು ಬೇಕು!

ಒಪ್ಪಂದವನ್ನು ಸೋಲಿಸಿದ ಆ ಹೋರಾಟದಲ್ಲಿ ನಮ್ಮವರಿಗೂ ಒಂದು ಪಾತ್ರವಿತ್ತು. ಆಗ ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯ್ ಹೋಮ್ ರೂಲ್ ಲೀಗ್ ನಡೆಸುತ್ತಿದ್ದರು. ಜೊತೆಗೆ ದುಡಿದವರು ಮಿಷಿಗನ್ನಿನಲ್ಲಿ ಓದಿದ ಡಾ. ನಾ.ಸು. ಹರ್ಡೀಕರ, ಮುಂದೆ ಹುಬ್ಬಳ್ಳಿಯಲ್ಲಿ ಸೇವಾದಳ ಕಟ್ಟಿದವರು. ರಾಷ್ಟ್ರಸಂಘವೆಂದರೆ ಬ್ರಿಟಿಷ್ ಸಾಮ್ರಾಜ್ಯಕ್ಕೆ ಹಾಕಿಕೊಟ್ಟ ಬೇಲಿ ಎಂಬ ಅನುಮಾನ ಭಾರತೀಯ ಹೋರಾಟಗಾರರಲ್ಲಿತ್ತು. 1919ರ ಆಗಸ್ಟಿನಲ್ಲಿ ವಕೀಲ ಡಡ್ಲಿ ಫೀಲ್ಡ್ ಮಲೋನ್ ಒಪ್ಪಂದವನ್ನು ಪರಿಶೀಲಿಸುತ್ತಿದ್ದ ಸೆನೆಟ್ ಸಮಿತಿಯ ಮುಂದೆ ಭಾರತದ ಪರ ಮಾತಾಡಿದರು. ಸಮಿತಿಯ ಅಧ್ಯಕ್ಷ ವಿಲ್ಸನ್‌ರ ಕಡುವಿರೋಧಿ ಹೆನ್ರಿ ಕ್ಯಾಬಟ್ ಲಾಡ್ಜ್. ವಲಸಿಗರನ್ನು ತಡೆಯಬೇಕೆಂದು 1890ರ ದಶಕದಿಂದ ಪಟ್ಟು ಹಿಡಿದಿದ್ದವರೂ ಇದೇ ಲಾಡ್ಜ್. ಪರಾಧೀನರಿಗೆ ಸಿಕ್ಕವರೇ ನೆಂಟರು. ಆ ಸಖ್ಯವನ್ನು ನಾನಂತೂ ತಪ್ಪೆನ್ನಲಾರೆ.

ಬೆಲೆ ಮಾತ್ರ ದುಬಾರಿಯಾಯಿತು: ಪರರು ಬೇಡವೆಂಬ ಅದೇ ಗಾಳಿ ವಲಸಿಗರಿಗೂ ಬಾಗಿಲು ಮುಚ್ಚಿತು. 1917ರ ವಲಸೆ ಕಾಯಿದೆ ಭಾರತೀಯ ಕೂಲಿಕಾರರನ್ನು ಆಗಲೇ ಹೊರಗಿಟ್ಟಿತ್ತು. ರಾರಿಟನ್ನಿಗೆ ಬರುವ ಆರು ವಾರ ಮೊದಲು ಹಾರ್ಡಿಂಗ್ ಯುರೋಪಿನವರಿಗೂ ಕೋಟಾ ಗೊತ್ತುಮಾಡಿದ್ದರು. 1923ರಲ್ಲಿ, ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯ ಸೇರಿದ್ದ ಭಗತ್ ಸಿಂಗ್ ಥಿಂಡ್ ಬಿಳಿಯರಲ್ಲ, ಹಾಗಾಗಿ ಪೌರತ್ವವಿಲ್ಲ ಎಂದಿತು ಸುಪ್ರೀಂ ಕೋರ್ಟು. ಮರುವರ್ಷದ ಇನ್ನೂ ಬಿಗಿಯಾದ ಕಾಯಿದೆಯನ್ನು ಬ್ರೂಕ್ಲಿನ್ನಿನ ಹೊಸ ಸಂಸದ ಇಮ್ಯಾನುಯೆಲ್ ಸೆಲ್ಲರ್ ವಿರೋಧಿಸಿ ಸೋತರು. ಅವರ ಹೆಸರು ಹೊತ್ತ 1946ರ ಕಾಯಿದೆ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟಿತು. ಬಾಗಿಲು ತೆರೆದ 1965ರ ಇನ್ನೊಂದಕ್ಕೆ ಅಧ್ಯಕ್ಷ ಜಾನ್ಸನ್ ಲಿಬರ್ಟಿ ದ್ವೀಪದಲ್ಲಿ ಸಹಿ ಹಾಕಿದರು.

ನಮ್ಮ ಕೂಟಗಳ ಸ್ಮರಣಸಂಚಿಕೆಗಳು ಕಥೆ ಶುರುಮಾಡುವುದು ಅಲ್ಲಿಂದಲೇ. ಅದಕ್ಕೂ ಹಿಂದಿನ ಕಥೆ ಉಳಿದೇ ಇದೆ. ಹರ್ಡೀಕರರ ಅಮೆರಿಕ ದಿನಗಳ ಬಗ್ಗೆ ಬರೆಯಬಲ್ಲವರು ದಯವಿಟ್ಟು ಪತ್ರಿಕೆಗೆ ತಿಳಿಸಿ, ಪುಟ ಕಾದಿರಿಸುತ್ತೇವೆ.